ಹುಣಸೆ ಮರದ ಮೇಲೊಂದು ಕಾವಲು ಪೀಠ

ಕಡಲೆಕಾಯಿ ಬಲಿತಿದೆಯೋ ಇಲ್ಲವೋ ಎಂದು ತಿಳಿಯಲು ನಾವು ಗಿಡ ಕಿತ್ತು ನೋಡಬೇಕು. ಕಾಡುಹಂದಿಗೆ ಅದು ಬೇಕಿಲ್ಲ, ಮಣ್ಣು ಮೂಸಿದರೆ ಸಾಕು. ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಊರಿನ ಹೊಲಗಳಿಗೆ ಹಂದಿ ಹಿಂಡು ಇಳಿಯುವುದು ಕೀಳುವುದಕ್ಕೆ ಇನ್ನು ಮೂರು ನಾಲ್ಕು ವಾರ ಇರುವಾಗ. ಹಗಲೆಲ್ಲ ನೀಲಗಿರಿ ತೋಪಿನಲ್ಲೋ, ಜಾಲಿ ಬೆಳೆದ ಕೆರೆಯಂಗಳದಲ್ಲೋ ಮಲಗಿರುತ್ತವೆ. ಕತ್ತಲಾದ ಮೇಲೆ ಹೊಲಕ್ಕೆ ಬರುತ್ತವೆ. ಒಂದು ಹಿಂಡು ನುಗ್ಗಿ ಹೋದ ಜಾಗ ಬೆಳಿಗ್ಗೆ ಟಿಲ್ಲರ್ ಹೊಡೆದಂತೆ ಕಾಣುತ್ತದೆ. ನಮ್ಮ ಮನೆಯಲ್ಲಿ ರೇಷ್ಮೆಗೂಡಿನ ದುಡ್ಡು ಸಂಸಾರಕ್ಕೆ, ಕಡಲೆಕಾಯಿಯ ದುಡ್ಡು ತಂಗಿಯ ಕಾಲೇಜಿಗೆ ಮತ್ತು ನನ್ನ ಪರೀಕ್ಷೆ ತಯಾರಿಗೆ. ಹಾಗಾಗಿ ಹಂದಿ ತಿಂದದ್ದು ಏನು ಎಂಬ ಲೆಕ್ಕ ನಮಗೆ ಚೆನ್ನಾಗಿ ಗೊತ್ತು.

ಈ ಜಗಳ ಹೊಸದೇನಲ್ಲ. ಕ್ರಿ.ಶ. 949–50ರ ಆತಕೂರು ಶಾಸನದಲ್ಲಿ ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಂದಿಗೆ ಹೋರಾಡಿ ಸತ್ತ ಕಥೆ ಇದೆ. ಮಂಡ್ಯ ಜಿಲ್ಲೆಯ ಆತಕೂರಿನ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಅದನ್ನು ಗಂಗರ ಬೂತುಗನ ಹೆಸರಿನ ಜೊತೆ ಬಾಯಿಪಾಠ ಮಾಡಿರುತ್ತಾರೆ. ನಾನೂ ಮಾಡಿದ್ದೇನೆ. ಸಾವಿರ ವರ್ಷ ಕಳೆದರೂ ಹಂದಿ ಅದೇ, ಹೊಲವೂ ಅದೇ. ನಮ್ಮ ಕೈಯಲ್ಲಿರುವ ಉಪಾಯಗಳು ಮಾತ್ರ ಬದಲಾಗಿವೆ, ಕೆಲವು ಕೆಟ್ಟದ್ದಕ್ಕೆ ಬದಲಾಗಿವೆ.

ಕೆಟ್ಟ ಉಪಾಯಗಳಲ್ಲಿ ಮೊದಲನೆಯದು ಕರೆಂಟ್. ‘ಸಂಜೆ ಬೇಲಿ ತಂತಿಗೊಂದು ವೈರ್ ಕೊಡಪ್ಪ, ಬೆಳಿಗ್ಗೆ ಬಿಚ್ಚಿಬಿಡು’ ಎಂದು ಹೇಳುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಅಂಗಡಿಯಲ್ಲಿ ಸಿಗುವ ಸೋಲಾರ್ ಬೇಲಿಗೂ ಇದಕ್ಕೂ ಇರುವ ವ್ಯತ್ಯಾಸ ಬಹಳ ಮಂದಿಗೆ ಗೊತ್ತಿಲ್ಲ. ಸೋಲಾರ್ ಬೇಲಿಯ ಯಂತ್ರ ಸೆಕೆಂಡಿನ ಅತಿ ಸಣ್ಣ ಭಾಗದಷ್ಟು ಹೊತ್ತು ಮಾತ್ರ ಜುಮ್ಮೆನ್ನಿಸಿ, ಮತ್ತೆ ಸುಮಾರು ಒಂದು ಸೆಕೆಂಡ್ ಬಿಡುವು ಕೊಡುತ್ತದೆ. ಆ ಬಿಡುವಿನಲ್ಲಿ ಪ್ರಾಣಿ ಹಿಂದಕ್ಕೆ ಸರಿಯುತ್ತದೆ. ಮನೆ ಲೈನಿನ 230 ವೋಲ್ಟ್ ಬಿಡುವೇ ಕೊಡುವುದಿಲ್ಲ. ಸ್ನಾಯು ಬಿಗಿಯುತ್ತದೆ, ಹಿಡಿದ ಕೈ ಬಿಡಿಸಲಾಗುವುದಿಲ್ಲ. ನಸುಕಿನಲ್ಲಿ ಹೊಲಕ್ಕೆ ಬಂದ ಹೆಂಗಸು, ದನ ಹುಡುಕಿಕೊಂಡು ಬಂದ ಹುಡುಗ, ಕೆಲವೊಮ್ಮೆ ವೈರ್ ಕೊಟ್ಟವರೇ ಅದಕ್ಕೆ ಸಿಕ್ಕಿ ಸತ್ತ ಸುದ್ದಿಯನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿದ್ದೇವೆ. ಎರಡನೆಯದು ಉರುಳು. ಹಂದಿಗೆಂದು ಕಟ್ಟಿದ ಕ್ಲಚ್ ವೈರಿಗೆ ಚಿರತೆ ಸಿಕ್ಕಿಕೊಳ್ಳುತ್ತದೆ. ಮೂರನೆಯದು ತಿಂಡಿಯಲ್ಲಿ ಸುತ್ತಿಟ್ಟ ಸಿಡಿಮದ್ದು. ಅದನ್ನು ಕಚ್ಚಿ ದವಡೆ ಕಳೆದುಕೊಳ್ಳುವುದು ಎಷ್ಟೋ ಸಲ ಪಕ್ಕದ ಮನೆಯ ಹಸು.

ಕಾನೂನಿನ ಮಾತನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸುತ್ತದೆ. ಆ ಕಾಯ್ದೆಯಲ್ಲಿ ‘ಬೇಟೆ’ ಎಂದರೆ ಗುಂಡು ಹೊಡೆಯುವುದಷ್ಟೇ ಅಲ್ಲ. ವಿಷ ಇಡುವುದು, ಉರುಳು ಹಾಕುವುದು, ಬಲೆಗೆ ಕೆಡವುವುದು, ಹಾಗೆ ಮಾಡಲು ಪ್ರಯತ್ನಿಸುವುದು ಎಲ್ಲವೂ ಅದರೊಳಗೆ ಬರುತ್ತದೆ. ಬೆಳೆಗೆ ಅಪಾಯವಾದ ಪ್ರಾಣಿಯ ಮೇಲೆ ಕ್ರಮ ಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಬರವಣಿಗೆಯಲ್ಲಿ ಅನುಮತಿ ಕೊಡಬೇಕು. ನಮ್ಮದೇ ಹೊಲದಲ್ಲಿ, ನಮ್ಮದೇ ಮರದ ಮೇಲೆ ಕುಳಿತು ಡಬ್ಬ ಬಡಿದು ಓಡಿಸುವುದಕ್ಕೆ ಯಾರ ಅನುಮತಿಯೂ ಬೇಡ. ಆದ್ದರಿಂದ ನಾನು ಮರ ಹತ್ತುವ ದಾರಿಯನ್ನೇ ಹಿಡಿದೆ.

ನಮ್ಮ ಕಡೆ ಇದಕ್ಕೆ ‘ಮಂಚೆ’ ಎನ್ನುತ್ತಾರೆ. ತೆಲುಗಿನ ಮಾತು, ನಮ್ಮ ಮನೆಗಳಲ್ಲಿ ಎರಡೂ ಭಾಷೆ ಬೆರೆತೇ ಇರುತ್ತವೆ. ಪುಸ್ತಕದ ಕನ್ನಡದಲ್ಲಿ ಅಟ್ಟಣೆ, ಮಂಚಿಕೆ. ಬೇಟೆಗಾರರ ಬಾಯಲ್ಲಿ ಅದೇ ಮಚಾನ್. ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕಥೆಗಳನ್ನು ಹಾಸ್ಟೆಲ್ ರೂಮಿನಲ್ಲಿ ರಾತ್ರಿಯೆಲ್ಲ ಓದಿದವರಿಗೆ ಈ ಪದ ಹೊಸದಲ್ಲ. ಜಿಮ್ ಕಾರ್ಬೆಟ್ 1926ರ ಮೇ ತಿಂಗಳಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಹೊಡೆದದ್ದು ಒಂದು ಮಾವಿನ ಮರದ ಮೇಲೆ ಹಲವು ರಾತ್ರಿ ಕಾದು ಕುಳಿತ ಮೇಲೆ. ಆ ಕಾಲದ ಬೇಟೆಗಾರರು ಹಲಗೆಗಿಂತ ಹಗ್ಗದ ಮಂಚವನ್ನು ಕೊಂಬೆಗೆ ಕಟ್ಟಿಕೊಳ್ಳುವುದನ್ನು ಇಷ್ಟಪಡುತ್ತಿದ್ದರು. ಕಾರಣ ಸರಳ, ಹಲಗೆ ಮೈ ಸರಿಸಿದರೆ ಕಿರ್ ಎನ್ನುತ್ತದೆ, ಹಗ್ಗ ಸುಮ್ಮನಿರುತ್ತದೆ. ಬೇಟೆ ಹೋಯಿತು, ಆ ಮಂಚ ಮಾತ್ರ ಹೊಲ ಕಾಯುವವರಿಗೆ ಉಳಿಯಿತು. ನಿಜ ಹೇಳಬೇಕೆಂದರೆ ಹೊಲ ಕಾಯುವವರಿಂದಲೇ ಅದು ಬೇಟೆಗಾರರಿಗೆ ಹೋಗಿದ್ದಿರಬೇಕು ಎಂಬುದು ನನ್ನ ಗುಮಾನಿ.

ಎತ್ತರ ಏಕೆ ಬೇಕು? ಹಂದಿಗೆ ಕಣ್ಣು ಮಂದ, ಮೂಗು ಬಲು ಚುರುಕು. ನೆಲದ ಮೇಲೆ ಮಂಚ ಹಾಕಿ ಮಲಗಿದರೆ ನಮ್ಮ ವಾಸನೆ ನೆಲಮಟ್ಟದ ಗಾಳಿಯಲ್ಲೇ ಹರಡುತ್ತದೆ. ಅವು ನಮ್ಮನ್ನು ಸುತ್ತಿಕೊಂಡು ಹೊಲದ ಇನ್ನೊಂದು ಮೂಲೆಗೆ ಇಳಿಯುತ್ತವೆ. ಮೇಲೆ ಕುಳಿತರೆ ಎರಡು ಎಕರೆ ಒಟ್ಟಿಗೆ ಕಾಣುತ್ತದೆ, ಯಾವ ಬದುವಿನಲ್ಲಿ ಗಿಡ ಅಲ್ಲಾಡಿತು ಎಂದು ಗೊತ್ತಾಗುತ್ತದೆ. ಗಾಯಗೊಂಡ ಒಂಟಿಸಲಗ ಎದುರಿಗೆ ಬಂದರೂ ಕಾಲು ಸಿಗುವುದಿಲ್ಲ. ಆದರೆ ಹನ್ನೆರಡು ಅಡಿಗಿಂತ ಮೇಲೆ ಹೋಗಬೇಕಾದ ಅಗತ್ಯ ನನಗೆ ಕಾಣಲಿಲ್ಲ. ಪಿಯುಸಿ ಫಿಸಿಕ್ಸ್ ನೆನಪಿದ್ದವರು ಲೆಕ್ಕ ಹಾಕಿ ನೋಡಿ. ಹನ್ನೆರಡು ಅಡಿಯಿಂದ ಬಿದ್ದರೆ ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 30 ಕಿಲೋಮೀಟರ್. ಹೆಲ್ಮೆಟ್ ಇಲ್ಲದೆ ಬೈಕಿನಿಂದ ಗೋಡೆಗೆ ಗುದ್ದಿದ ಹಾಗೆ.

ಈ ಲೆಕ್ಕ ಹಾಕುವಂತೆ ಮಾಡಿದ್ದು ಪಕ್ಕದ ಹೊಲದವರ ಮಂಚೆ. ಎರಡು ಮಳೆಗಾಲ ಕಂಡ ಪ್ಲಾಸ್ಟಿಕ್ ಹಗ್ಗದಲ್ಲಿ ಕಟ್ಟಿದ್ದರು. ಒಂದು ರಾತ್ರಿ ಹಗ್ಗ ತುಂಡಾಗಿ ಆ ಮಾವ ಕೆಳಗೆ ಬಿದ್ದರು, ತೊಡೆಯ ಮೂಳೆ ಮುರಿಯಿತು. ಆ ವರ್ಷ ಅವರ ಹೊಲದಲ್ಲಿ ಹಂದಿ ತಿಂದದ್ದಕ್ಕಿಂತ ಆಸ್ಪತ್ರೆಗೆ ಹೋದ ದುಡ್ಡೇ ಹೆಚ್ಚು. ಅಮೆರಿಕದಲ್ಲಿ ಲೈಸೆನ್ಸ್ ಪಡೆದು ಜಿಂಕೆ ಬೇಟೆ ಆಡುವವರು ಇಂಥದೇ ಪೀಠವನ್ನು ಮರಕ್ಕೆ ತೂಗುಹಾಕಿ ಕೂರುತ್ತಾರೆ. ಅಲ್ಲಿ ಹೊಸ ಬೇಟೆಗಾರರಿಗೆ ಹೇಳಿಕೊಡುವ ಮೊದಲ ಪಾಠಗಳಲ್ಲಿ ಇದೂ ಒಂದು: ಬಂದೂಕಿನಷ್ಟೇ ಮರಕ್ಕೂ ಹೆದರಿ, ಅದರಲ್ಲೂ ಏಣಿಯಿಂದ ಪೀಠಕ್ಕೆ ಕಾಲಿಡುವ ಕ್ಷಣಕ್ಕೆ ಮತ್ತು ಪೀಠದಿಂದ ಏಣಿಗೆ ಇಳಿಯುವ ಕ್ಷಣಕ್ಕೆ.

ಹಾಗಾಗಿ ನಾನು ಮೊದಲು ಹುಡುಕಿದ್ದು ಪೀಠವನ್ನಲ್ಲ, ಮರವನ್ನು. ಹೊಲದ ಅಂಚಿನಲ್ಲಿ ನೇರಳೆ, ಸಿಲ್ವರ್ ಓಕ್, ಹೊಂಗೆ, ಹುಣಸೆ ನಾಲ್ಕೂ ಇದ್ದವು. ನೇರಳೆ ಕೊಂಬೆ ನೋಡಲು ದಪ್ಪ, ಮುರಿಯುವುದು ಸುಲಭ. ಸಿಲ್ವರ್ ಓಕ್ ಗಾಳಿಗೆ ಮುರಿಯುವುದನ್ನು ಎಲ್ಲರೂ ಕಂಡಿದ್ದಾರೆ. ನುಗ್ಗೆಯ ಮಾತಂತೂ ಬೇಡ. ಹೊಂಗೆ ಗಟ್ಟಿಯಾದರೂ ಆ ಮರ ಗಿಡ್ಡ. ಹುಣಸೆ ಉಳಿಯಿತು. ತಾತ ಕೆಳಗಿನಿಂದ ಒಂದೊಂದೇ ಕೊಂಬೆ ತೋರಿಸಿ ಹೇಳಿದರು: ‘ಎಲೆ ಇರೋ ಕೊಂಬೆ ನೋಡ್ಕೋ. ಎಲೆ ಉದುರಿರೋದು ಒಳಗೇ ಸತ್ತಿರ್ತೈತೆ. ಕೊಡಲಿ ಹಿಂಭಾಗದಿಂದ ಹೊಡಿ, ಟೊಳ್ಳಾದ್ರೆ ಬೇರೆ ಸದ್ದು ಬರ್ತೈತೆ.’ ಆ ಸದ್ದಿನ ವ್ಯತ್ಯಾಸ ಹಿಡಿಯಲು ನನಗೆ ಅರ್ಧ ದಿನ ಬೇಕಾಯಿತು. ಹಾವು, ಜೇನು, ಗೊದ್ದದ ಸಾಲು ಇದೆಯೇ ಎಂದು ನೋಡುವುದನ್ನೂ ಅವರೇ ಹೇಳಿದ್ದು. ಚಿಂತಾಮಣಿ ಕಡೆಯ ಮಾವಿನ ತೋಪುಗಳಲ್ಲಿ ಕೂರುವವರಿಗೆ ಇನ್ನೊಂದು ಕಷ್ಟ ಇದೆ. ಎಲೆ ಹೆಣೆದು ಗೂಡು ಕಟ್ಟುವ ಕೆಂಜಿಗ ಮೈಮೇಲೆ ಬಿದ್ದರೆ ಹಂದಿಯ ಯೋಚನೆಯೇ ಬರುವುದಿಲ್ಲ.

ಪೀಠ ಎಂದರೆ ಮೂರು ಅಡಿ ಉದ್ದ, ಎರಡೂವರೆ ಅಡಿ ಅಗಲದ ಚೌಕಟ್ಟು. ನೀಲಗಿರಿಯ ಒಣಗಿದ ಗಳ ಸಾಕು, ಮಣಿಕಟ್ಟಿಗಿಂತ ದಪ್ಪ ಇರಬೇಕು. ಮೂಲೆಗಳನ್ನು ಕಚ್ಚು ತೆಗೆದು ಕೂಡಿಸಿ ನಟ್ಟು ಬೋಲ್ಟ್ ಹಾಕಿದೆ, ಮೊಳೆ ಹಾಕಲಿಲ್ಲ. ಮೊಳೆ ಅಲ್ಲಾಡಿ ಅಲ್ಲಾಡಿ ಈಚೆ ಬರುತ್ತದೆ. ಅದರ ಮೇಲೆ ಚಿಂತಾಮಣಿ ಪೇಟೆಯಿಂದ ತಂದ ನವಾರು ಪಟ್ಟಿಯನ್ನು ಮಂಚದ ಹಾಗೆ ಹೆಣೆದೆ. ಮರೆಗೆ ದುಡ್ಡು ಖರ್ಚಾಗಲಿಲ್ಲ. ಅಟ್ಟದ ಮೇಲೆ ಹಳೆಯ ಬಿದಿರು ಚಂದ್ರಿಕೆಗಳಿದ್ದವು. ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಆರಡಿ-ನಾಲ್ಕಡಿ ತಟ್ಟಿ ಅದು. ಈಗ ಎಲ್ಲರೂ ಪ್ಲಾಸ್ಟಿಕ್ಕಿನದನ್ನು ಬಳಸುತ್ತಾರೆ, ಶಿಡ್ಲಘಟ್ಟದ ಸುತ್ತ ಯಾವ ಮನೆಯ ಅಟ್ಟ ಹತ್ತಿದರೂ ಎರಡು ಹಳೆಯ ಚಂದ್ರಿಕೆ ಸಿಗುತ್ತವೆ. ಒಂದನ್ನು ಅರ್ಧಕ್ಕೆ ಕತ್ತರಿಸಿ ಪೀಠದ ಎರಡು ಬದಿಗೆ ಕಟ್ಟಿದೆ. ಗಾಳಿಯೂ ಬರುತ್ತದೆ, ಕೈ ಅಲ್ಲಾಡಿಸಿದರೆ ಹೊರಗೆ ಕಾಣುವುದೂ ಇಲ್ಲ.

ಇನ್ನು ಹಗ್ಗ. ಇದರ ಮೇಲೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ಪ್ರಾಣ ಇರುವುದು ಇದರಲ್ಲಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ನೀಲಿ, ಹಸಿರು ಬಣ್ಣದ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಬೆರಳಿನಿಂದ ಉಜ್ಜಿದಾಗ ಸಣ್ಣ ನಾರು ಉದುರಿದರೆ ಅದನ್ನು ಬಟ್ಟೆ ಒಣಗಿಸಲು ಕೊಡಿ. ನೈಲಾನ್ ಹಗ್ಗಕ್ಕೆ ತಾಳಿಕೆ ಜಾಸ್ತಿ, ಅದೂ ಬಿಸಿಲಿಗೆ ನಿಧಾನವಾಗಿ ಸೋಲುತ್ತದೆ. ಎಷ್ಟೇ ಒಳ್ಳೆಯ ಹಗ್ಗವಾದರೂ ಗಂಟು ಬಿದ್ದ ಕಡೆ ಮೂರನೇ ಒಂದರಿಂದ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ಹಾಗಾಗಿ ಒಬ್ಬನನ್ನು ಹೊರುವ ಹಗ್ಗಕ್ಕೆ ಅವನ ತೂಕದ ಹತ್ತು ಪಟ್ಟಾದರೂ ತಡೆಯುವ ಶಕ್ತಿ ಇರಬೇಕು ಎಂದು ಲೆಕ್ಕ ಇಟ್ಟುಕೊಂಡೆ. ಗಂಟಿಗೆ ನಾನು ಬಳಸಿದ್ದು ದನದ ಕೊರಳಿಗೆ ಹಾಕುವ ಗಂಟು. ಎಷ್ಟು ಎಳೆದರೂ ಕುಣಿಕೆ ಬಿಗಿಯುವುದಿಲ್ಲ, ಬೇಕಾದಾಗ ಬಿಚ್ಚಬಹುದು.

ಇನ್ನೊಂದು ಸಂಗತಿ ಕೋನದ್ದು. ಪೀಠವನ್ನು ಎರಡು ಹಗ್ಗದಿಂದ ತೂಗುಹಾಕಿ, ಒಟ್ಟು ತೂಕ 100 ಕೆ.ಜಿ. ಎಂದಿಟ್ಟುಕೊಳ್ಳಿ. ಎರಡೂ ಹಗ್ಗ ನೇರವಾಗಿ ಮೇಲಕ್ಕೆ ಹೋದರೆ ಒಂದೊಂದರ ಮೇಲೆ 50 ಕೆ.ಜಿ. ಅವುಗಳ ನಡುವೆ 120 ಡಿಗ್ರಿ ತೆರೆದುಕೊಂಡರೆ ಒಂದೊಂದರ ಮೇಲೂ ಪೂರ್ತಿ 100 ಕೆ.ಜಿ. 150 ಡಿಗ್ರಿ ಆದರೆ ಒಂದೊಂದರ ಮೇಲೂ 190ಕ್ಕಿಂತ ಹೆಚ್ಚು! ಎರಡು ಮರಗಳ ನಡುವೆ ಹಗ್ಗವನ್ನು ಬಿಗಿಯಾಗಿ ಎಳೆದು ಕಟ್ಟಿ ಜೋಲಿ ಹಾಕುವವರು ಇದನ್ನು ಮರೆಯುತ್ತಾರೆ. ಹಗ್ಗ ನೆಟ್ಟಗೆ ಎಳೆದಷ್ಟೂ ಗಟ್ಟಿ ಎಂದು ನಮಗೆ ಅನಿಸುತ್ತದೆ, ಹಗ್ಗಕ್ಕೆ ಅದು ತಿರುಗುಮುರುಗು. ನಾನು ನಾಲ್ಕು ಮೂಲೆಯ ಹಗ್ಗಗಳನ್ನು ಮೇಲಿನ ಕೊಂಬೆಗೆ ಕಡಿದಾಗಿ ಏರಿಸಿ, ಪೀಠದ ಹಿಂಭಾಗವನ್ನು ಕಾಂಡಕ್ಕೆ ಬೇರೆ ಹಗ್ಗದಿಂದ ಬಿಗಿದೆ. ಇಲ್ಲದಿದ್ದರೆ ಅದು ಉಯ್ಯಾಲೆ ಆಗುತ್ತದೆ. ನಾಲ್ಕರಲ್ಲಿ ಯಾವುದೇ ಒಂದು ತುಂಡಾದರೂ ಪೀಠ ಪೂರ್ತಿ ಮಗುಚಬಾರದು ಎಂದು ಚೌಕಟ್ಟಿನ ಕೆಳಗೆ ಇನ್ನೊಂದು ಸುತ್ತು ಹಗ್ಗವನ್ನು ಕಾಂಡಕ್ಕೆ ಕಟ್ಟಿದೆ.

ಕೊಂಬೆಗೆ ಹಗ್ಗ ಒರೆಯುವ ಕಡೆ ಹಳೆಯ ಸೈಕಲ್ ಟ್ಯೂಬ್ ಮತ್ತು ಗೋಣಿ ತಾಟು ಸುತ್ತಬೇಕು. ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟಗಳಿಂದ ಬಂದ ಜಿ.ಐ. ತಂತಿ ನಮ್ಮ ಮನೆಯಲ್ಲೂ ಬೇಕಾದಷ್ಟಿತ್ತು. ತಂತಿ ಗಟ್ಟಿ, ಸರಿ. ಆದರೆ ಮರ ದಪ್ಪವಾದಂತೆ ಅದು ತೊಗಟೆಯೊಳಗೆ ಇಳಿದು ಕೊಂಬೆಯನ್ನೇ ಕೊಲ್ಲುತ್ತದೆ. ತಾತನ ಕಾಲದ ಹುಣಸೆಯನ್ನು ನಾಲ್ಕು ಮೂಟೆ ಕಡಲೆಕಾಯಿಗೆ ಬಲಿ ಕೊಡಲು ಮನಸ್ಸಾಗಲಿಲ್ಲ.

ಪೀಠ ತಯಾರಾದ ಮೇಲೆ ನಾನು ಹತ್ತಲಿಲ್ಲ. ಮೊದಲು ಗೊಬ್ಬರದ ಚೀಲಗಳಿಗೆ ಮರಳು ತುಂಬಿ, ತೂಗಿ, ಒಟ್ಟು 200 ಕೆ.ಜಿ. ಅದರ ಮೇಲೆ ಇಟ್ಟು ಎರಡು ದಿನ ಬಿಟ್ಟೆವು. ನನ್ನ ತೂಕದ ಮೂರು ಪಟ್ಟು ಅದು. ನೈಲಾನ್ ಹಗ್ಗ ಎಳೆದುಕೊಂಡು ಪೀಠ ಒಂದು ಗೇಣು ಕೆಳಗಿಳಿದಿತ್ತು. ಮತ್ತೆ ಬಿಗಿದು, ಅಷ್ಟೇ ಭಾರ ಇಟ್ಟು ಇನ್ನೊಂದು ರಾತ್ರಿ ನೋಡಿದೆವು. ಊರಿನ ಹುಡುಗರಿಗೆ ಇದೊಂದು ತಮಾಷೆ. ‘ಏನಣ್ಣ, ಮರಳಿಗೆ ಕಾವಲು ಕೂರಿಸಿದೀಯ?’ ಎಂದು ಕೇಳಿಕೊಂಡು ಹೋಗುತ್ತಿದ್ದರು.

ಅವರು ಇನ್ನೂ ಹೆಚ್ಚು ನಕ್ಕದ್ದು ಬೆಲ್ಟ್ ನೋಡಿ. ಚಿಕ್ಕಬಳ್ಳಾಪುರದಲ್ಲಿ ಕಟ್ಟಡ ಕೆಲಸದ ಸೈಟಿನಲ್ಲಿರುವ ಗೆಳೆಯನನ್ನು ಕೇಳಿ, ಎತ್ತರದಲ್ಲಿ ಕೆಲಸ ಮಾಡುವವರು ತೊಡುವ ಪೂರ್ತಿ ಮೈಯಿನ ಸೇಫ್ಟಿ ಬೆಲ್ಟ್ ಕೊಂಡೆ. ಪೀಠಕ್ಕೆ ಹೋದ ಒಟ್ಟು ದುಡ್ಡಿಗಿಂತ ಇದೇ ಹೆಚ್ಚಾಯಿತು. ಸೊಂಟಕ್ಕೆ ಮಾತ್ರ ಹಗ್ಗ ಕಟ್ಟಿಕೊಂಡರೆ ಸಾಲದೇ ಎಂದು ಅಪ್ಪ ಕೇಳಿದರು. ಸಾಲದು. ಬಿದ್ದಾಗ ಪೂರ್ತಿ ಭಾರ ಹೊಟ್ಟೆ ಮತ್ತು ಬೆನ್ನುಮೂಳೆಯ ಮೇಲೆ ಬೀಳುತ್ತದೆ, ತಲೆಕೆಳಗಾಗಿ ಜಾರಿಬಿಡಲೂಬಹುದು. ಪೂರ್ತಿ ಬೆಲ್ಟ್ ಆ ಭಾರವನ್ನು ತೊಡೆ, ಎದೆ, ಭುಜಕ್ಕೆ ಹಂಚುತ್ತದೆ. ಅದರ ಹಗ್ಗವನ್ನು ತಲೆಗಿಂತ ಮೇಲೆ ಕಾಂಡಕ್ಕೆ ಕಟ್ಟಬೇಕು, ಕುಳಿತಾಗ ಸಡಿಲ ಸ್ವಲ್ಪವೇ ಇರಬೇಕು. ಮೂರು ಅಡಿ ಬಿದ್ದ ಮೇಲೆ ಹಿಡಿಯುವ ಹಗ್ಗ ಕೊಡುವ ಜಗ್ಗಾಟವೇ ಬೇರೆ. ಹಾಗೆ ನೇತಾಡುತ್ತ ಉಳಿದರೂ ಅಪಾಯ ಮುಗಿಯುವುದಿಲ್ಲ. ಕಾಲು ಅಲ್ಲಾಡಿಸದೆ ನೇತಾಡಿದರೆ ರಕ್ತ ಕಾಲಿನಲ್ಲೇ ನಿಂತು ಪ್ರಜ್ಞೆ ತಪ್ಪಬಹುದು. ಅದಕ್ಕೆ ಜೇಬಿನಲ್ಲಿ ಒಂದು ಹಗ್ಗದ ಕುಣಿಕೆ ಇಟ್ಟುಕೊಳ್ಳುತ್ತೇನೆ. ಅದನ್ನು ಬೆಲ್ಟಿಗೆ ಸಿಕ್ಕಿಸಿ ಕಾಲೂರಿ ನಿಲ್ಲಬಹುದು.

ಉಳಿದವು ಸಣ್ಣ ನಿಯಮಗಳು. ಟಾರ್ಚು, ನೀರು, ಡಬ್ಬ ಯಾವುದನ್ನೂ ಕೈಯಲ್ಲಿ ಹಿಡಿದು ಹತ್ತುವುದಿಲ್ಲ. ಮೇಲೆ ಕುಳಿತು, ಬೆಲ್ಟ್ ಸಿಕ್ಕಿಸಿದ ಮೇಲೆ ದಾರ ಇಳಿಬಿಟ್ಟು ಎಳೆದುಕೊಳ್ಳುತ್ತೇನೆ. ಏಣಿಯ ತಲೆಯನ್ನು ಮರಕ್ಕೆ ಕಟ್ಟಿರಬೇಕು. ಹೊಲದಲ್ಲಿ ಕೊಳಕುಮಂಡಲ ಇರುತ್ತದೆ, ಗಂಬೂಟು ಇಲ್ಲದೆ ಕತ್ತಲಲ್ಲಿ ಮರದ ಹತ್ತಿರ ಹೋಗುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಗುಡುಗು. ಕಡಲೆಕಾಯಿ ಬಲಿಯುವ ಅಕ್ಟೋಬರ್ ನಮ್ಮ ಕಡೆ ಗುಡುಗು ಮಳೆಯ ತಿಂಗಳು ಕೂಡ. ನಂದಿಬೆಟ್ಟದ ದಿಕ್ಕಿನಲ್ಲಿ ಮಿಂಚು ಕಂಡರೆ ಹಂದಿ ಹೊಲದಲ್ಲೇ ಇದ್ದರೂ ಇಳಿದು ಮನೆಗೆ ನಡೆಯುವುದೇ. ಒಂಟಿ ಮರ ಸಿಡಿಲಿಗೆ ಇಷ್ಟ.

ಕುಳಿತವರು ನಾಲ್ವರು, ಸರದಿಯಲ್ಲಿ. ನಾನು, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿರುವ ಚಿಕ್ಕಪ್ಪನ ಮಗ, ಐಟಿಐ ಮುಗಿಸಿದ ಇಬ್ಬರು. ಮೊದಲು ಮೊಬೈಲಿನಲ್ಲಿ ಓದಿಕೊಳ್ಳಬಹುದು ಎಂದುಕೊಂಡಿದ್ದೆವು. ಆಗುವುದಿಲ್ಲ. ಪರದೆಯ ಬೆಳಕು ನೋಡಿದ ಕಣ್ಣಿಗೆ ಆಮೇಲೆ ಎಷ್ಟೋ ಹೊತ್ತು ಹೊಲ ಕಾಣುವುದಿಲ್ಲ, ಇಯರ್‌ಫೋನ್ ಹಾಕಿದರೆ ಕಿವಿಯೂ ಹೋಯಿತು. ಆದರೆ ಹಗಲು ಓದಿದ್ದನ್ನು ಬಾಯೊಳಗೆ ಹೇಳಿಕೊಳ್ಳುವುದಕ್ಕೆ ಇಂಥ ಜಾಗ ಇನ್ನೊಂದಿಲ್ಲ. ಸಂವಿಧಾನದ ವಿಧಿಗಳನ್ನು ನಾನು ಪಕ್ಕಾ ಮಾಡಿಕೊಂಡದ್ದು ಆ ಹುಣಸೆಯ ಮೇಲೆ.

ಹಂದಿ ಬಂದವು. ಮೊದಲು ಕಾಣಿಸುವುದಿಲ್ಲ, ಕೇಳಿಸುತ್ತವೆ. ಬೇರು ಕೀಳುವ ಸದ್ದು, ಕಾಯಿ ಜಗಿಯುವ ಸದ್ದು, ಮರಿಗಳ ಗುರುಗುಟ್ಟು. ಟಾರ್ಚು ಬಿಟ್ಟು, ಡಬ್ಬ ಬಡಿದು, ಕೂಗು ಹಾಕಿದರೆ ಓಡುತ್ತವೆ. ಎರಡು ಮೂರು ಗಂಟೆ ಬಿಟ್ಟು ಮತ್ತೊಂದು ಕಡೆಯಿಂದ ಬರುತ್ತವೆ. ದಿನಾ ಒಂದೇ ಸದ್ದು ಮಾಡಿದರೆ ವಾರದಲ್ಲಿ ಅವಕ್ಕೆ ಅಭ್ಯಾಸವಾಗಿಬಿಡುತ್ತದೆ. ಒಂದು ದಿನ ತಮಟೆ, ಒಂದು ದಿನ ಪಟಾಕಿ, ಒಂದು ದಿನ ಬರೀ ಬೆಳಕು ಎಂದು ಬದಲಾಯಿಸಬೇಕಾಯಿತು. ನೀಲಗಿರಿ ತೋಪಿನ ಕಡೆಯ ನಾಲ್ಕೈದು ಸಾಲು ಹೋದವು. ಉಳಿದದ್ದು ಮನೆಗೆ ಬಂತು. ಪೂರ್ತಿ ಗೆದ್ದೆವು ಎಂದು ಹೇಳಲಾರೆ, ಆದರೆ ತಂಗಿಯ ಫೀಸಿಗೆ ಸಾಲ ಮಾಡಬೇಕಾಗಲಿಲ್ಲ.

ಕಡಲೆಕಾಯಿ ಕಿತ್ತ ವಾರವೇ ಹಗ್ಗ ಬಿಚ್ಚಿ ನೆರಳಿನಲ್ಲಿ ಸುತ್ತಿಟ್ಟೆ. ಮರದ ಮೇಲೆ ವರ್ಷಪೂರ್ತಿ ಬಿಟ್ಟ ಹಗ್ಗವನ್ನು ಮುಂದಿನ ವರ್ಷ ನಂಬುವಂತಿಲ್ಲ. ಈ ನಡುವೆ ಗೌರಿಬಿದನೂರು ಕಡೆಯಿಂದ ಸೋದರತ್ತೆಯ ಮಗ ಬಂದು ಅಳತೆ ಬರೆದುಕೊಂಡು ಹೋಗಿದ್ದಾನೆ. ಅವರದು ಬೋರ್‌ವೆಲ್ ನೀರಿನ ಬೇಸಿಗೆ ಮುಸುಕಿನ ಜೋಳ. ತೆನೆಯಲ್ಲಿ ಹಾಲು ಬಂದಾಗ ಅಲ್ಲಿಯೂ ಹಂದಿಗಳ ಹಾವಳಿ ಇದೇ. ಆದರೆ ಹೊಲದಲ್ಲಿ ಹತ್ತುವಂಥ ಮರವೇ ಇಲ್ಲ. ನಾಲ್ಕು ನೀಲಗಿರಿ ಗಳ ನೆಟ್ಟು ಅದರ ಮೇಲೆ ಪೀಠ ಕೂರಿಸಬೇಕು. ಮೂರು ಅಡಿ ಆಳ ಹೂಳು, ಗೆದ್ದಲಿಗೆ ಹಳೆಯ ಎಂಜಿನ್ ಆಯಿಲ್ ಬಳಿ, ನಾಲ್ಕೂ ಬದಿಗೆ ಅಡ್ಡಡ್ಡ ಗಳ ಕಟ್ಟು, ಚೌಕ ನಿಂತರೆ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ ಎಂದು ಹೇಳಿ ಕಳಿಸಿದ್ದೇನೆ. ಬೆಲ್ಟನ್ನು ಅವನೇ ಒಯ್ದಿದ್ದಾನೆ, ಜೋಳ ಮುರಿದ ಮೇಲೆ ವಾಪಸು ತರುತ್ತಾನಂತೆ.